ಹಳೆಯ ಟು-ಸ್ಟ್ರೋಕ್ ಬೈಕಿಗೆ ಸ್ಪಾರ್ಕ್ ಪ್ಲಗ್: ಅಂಕಿ ತಿಳಿಯದೆ ಮಾರಿದರೆ ಪಿಸ್ಟನ್‌ಗೆ ಸಂಚಕಾರ

ಶಿವಾಜಿನಗರದ ಗುಜರಿ ಸಾಲಿನಲ್ಲಾಗಲಿ, ಹಲಸೂರಿನ ಬಿಡಿಭಾಗಗಳ ಅಂಗಡಿಯಲ್ಲಾಗಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಬೇಡಿಕೆಯೊಂದಿದೆ: "ಭಾಯ್, ಪ್ಲಗ್ ಪದೇ ಪದೇ ಕಪ್ಪಾಗ್ತಿದೆ, ಒಂದು ನಂಬರ್ ಜಾಸ್ತಿ ಇರೋದು ಕೊಡಿ." ಅಂಗಡಿಯವರು ಡಬ್ಬಿಗಳ ಮೇಲೆ ಕಣ್ಣಾಡಿಸಿ, ಗ್ರಾಹಕ ತಂದ ಪ್ಲಗ್‌ನ ಅಂಕಿಗಿಂತ ಒಂದು ಹೆಚ್ಚಿನ ಅಂಕಿಯ ಪ್ಲಗ್ ತೆಗೆದುಕೊಡುತ್ತಾರೆ. ವ್ಯವಹಾರ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಆ ಒಂದು ಅಂಕಿ ಗ್ರಾಹಕನ ತೊಂದರೆಯನ್ನು ನೀಗಿಸುವುದೋ ಇಮ್ಮಡಿಸುವುದೋ ಎಂಬುದು ಡಬ್ಬಿಯ ಮೇಲಿರುವ ಕಂಪನಿಯ ಹೆಸರನ್ನು ಅವಲಂಬಿಸಿದೆ. ಒಂದು ಕಂಪನಿಯಲ್ಲಿ ಅಂಕಿ ಏರಿದಂತೆ ಪ್ಲಗ್ 'ತಂಪಾಗುತ್ತದೆ'. ಇನ್ನೊಂದರಲ್ಲಿ ಅಂಕಿ ಏರಿದಂತೆ 'ಬಿಸಿಯಾಗುತ್ತದೆ'. ಇದನ್ನರಿಯದೆ ಮಾರಿದ ನೂರಿನ್ನೂರು ರೂಪಾಯಿಯ ವಸ್ತುವಿನಿಂದ ಸಾವಿರಾರು ರೂಪಾಯಿಯ ಪಿಸ್ಟನ್ ಮತ್ತು ಬೋರಿಂಗ್ ಕೆಲಸ ಗ್ರಾಹಕನ ತಲೆಗೆ ಬಿದ್ದರೆ, ಆತ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಾರ.

ಟು-ಸ್ಟ್ರೋಕ್ ಮೋಟಾರ್ ಸೈಕಲ್‌ಗಳ ಕಾಲ ಮುಗಿಯಿತೆಂದು ಭಾವಿಸುವವರು ಕಂಟೋನ್ಮೆಂಟ್ ಪ್ರದೇಶದ ವರ್ಕ್‌ಶಾಪ್‌ಗಳನ್ನೊಮ್ಮೆ ನೋಡಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಯಮಹಾ ಆರ್‌ಎಕ್ಸ್ 100 ಉತ್ಪಾದನೆಯೂ ನಿಂತಿತು. 2000ದಲ್ಲಿ ಜಾರಿಗೆ ಬಂದ ಹೊಗೆ ಮಿತಿಗಳ ನಂತರ ಉಳಿದ ಟು-ಸ್ಟ್ರೋಕ್ ಮಾದರಿಗಳೂ ಒಂದೊಂದಾಗಿ ಮರೆಯಾದವು. ಆದರೂ ಜಾವಾ, ಯೆಜ್ದಿ, ರಾಜ್‌ದೂತ್ 350, ಆರ್‌ಎಕ್ಸ್ 100, ಹೊಸೂರಿನಲ್ಲಿ ತಯಾರಾದ ಸುಜುಕಿ ಬೈಕ್‌ಗಳು ಇಂದಿಗೂ ಓಡಾಡುತ್ತಿವೆ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಆಚರಿಸುವ ಅಂತಾರಾಷ್ಟ್ರೀಯ ಜಾವಾ ದಿನದಂದು ಬೆಂಗಳೂರಿನಲ್ಲಿ ಸೇರುವ ವಾಹನಗಳೇ ಇದಕ್ಕೆ ಸಾಕ್ಷಿ. ಇವುಗಳ ಒಡೆಯರು ಖರ್ಚಿಗೆ ಹಿಂಜರಿಯುವವರಲ್ಲ; ಆದರೆ ತಪ್ಪು ವಸ್ತು ಕೊಟ್ಟವರನ್ನು ಮರೆಯುವವರೂ ಅಲ್ಲ.

ಬೆಂಗಳೂರಿನ ಪ್ಲಗ್

ಸ್ಪಾರ್ಕ್ ಪ್ಲಗ್‌ಗೂ ಈ ನಗರಕ್ಕೂ ಹಳೆಯ ನಂಟು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿ 'ಮೈಕೊ', ಜರ್ಮನಿಯ ಬಾಷ್ ಸಂಸ್ಥೆಯ ತಂತ್ರಜ್ಞಾನದೊಂದಿಗೆ ಆಡುಗೋಡಿಯಲ್ಲಿ ಪ್ಲಗ್ ತಯಾರಿಸಿತು. ಮುಂದೆ ಈ ಉತ್ಪಾದನೆ ನಾಗನಾಥಪುರದ ಕಾರ್ಖಾನೆಗೆ ಸಾಗಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಆಡುಗೋಡಿಯ ಆವರಣದಲ್ಲಿ ಈಗ ಯಂತ್ರಗಳ ಸದ್ದಿಲ್ಲ; 2022ರ ಜೂನ್‌ನಲ್ಲಿ ಅಲ್ಲಿ ಉದ್ಘಾಟನೆಗೊಂಡ ತಂತ್ರಜ್ಞಾನ ಕೇಂದ್ರಕ್ಕೆ 'ಸ್ಪಾರ್ಕ್ ಡಾಟ್ ಎನ್‌ಎಕ್ಸ್‌ಟಿ' ಎಂದು ಹೆಸರಿಟ್ಟಿದ್ದಾರೆ. ಕಿಡಿ ಹೆಸರಿನಲ್ಲಾದರೂ ಉಳಿದಿದೆ. ಹಳೆಯ ಮೆಕ್ಯಾನಿಕ್‌ಗಳು ಮಾತ್ರ ಯಾವ ಕಂಪನಿಯ ಪ್ಲಗ್ ಕೈಗೆ ಬಂದರೂ ಅದನ್ನು ಮೈಕೊ ಪ್ಲಗ್ ಎಂದೇ ಕರೆಯುವ ರೂಢಿ ಬಿಟ್ಟಿಲ್ಲ.

ಗೊಂದಲದ ಬೀಜ ಇರುವುದೂ ಇಲ್ಲಿಯೇ. ಮೈಕೊ ಪ್ಲಗ್‌ಗಳ ಹಳೆಯ ಅಂಕಿಗಳು ಡಬ್ಲ್ಯು 145, ಡಬ್ಲ್ಯು 175, ಡಬ್ಲ್ಯು 225 ಎಂಬಂತಿದ್ದವು. ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು. ಬಾಷ್ ಆ ಪದ್ಧತಿಯನ್ನು ಕೈಬಿಟ್ಟು ಒಂಟಿ ಅಂಕಿಗಳನ್ನು ತಂದಾಗ ದಿಕ್ಕೇ ತಿರುಗಿತು. ಹಳೆಯ 145 ಎಂಬುದು 8 ಆಯಿತು, 175 ಎಂಬುದು 7, 225 ಎಂಬುದು 5. ಈಗ ಅಂಕಿ ದೊಡ್ಡದಾದಷ್ಟೂ ಪ್ಲಗ್ ಬಿಸಿ. ಹೀಗಾಗಿ ಒಂದೇ ಕಪಾಟಿನಲ್ಲಿ ಹಳೆಯ ದಾಸ್ತಾನಿನ ಮೈಕೊ ಡಬ್ಬಿಯೂ ಹೊಸ ಬಾಷ್ ಡಬ್ಬಿಯೂ ಇದ್ದರೆ 'ಒಂದು ನಂಬರ್ ಜಾಸ್ತಿ' ಎಂಬ ಮಾತಿಗೆ ಎರಡು ವಿರುದ್ಧ ಅರ್ಥಗಳು.

ಎನ್‌ಜಿಕೆ ಕಂಪನಿಯಲ್ಲಿ ಅಂಕಿ ಏರಿದರೆ ತಂಪು: ಬಿ6ಎಚ್‌ಎಸ್‌ಗಿಂತ ಬಿ7ಎಚ್‌ಎಸ್ ತಂಪು, ಅದಕ್ಕಿಂತ ಬಿ8ಎಚ್‌ಎಸ್ ಇನ್ನೂ ತಂಪು. ಡೆನ್ಸೊ ಕಂಪನಿಯದೂ ಇದೇ ದಿಕ್ಕು, ಅಂಕಿಗಳು ಮಾತ್ರ ಬೇರೆ. ಬಿ8ಎಚ್‌ಎಸ್‌ಗೆ ಅಲ್ಲಿ ಸಮನಾದದ್ದು ಡಬ್ಲ್ಯು24ಎಫ್‌ಎಸ್. ಚಾಂಪಿಯನ್ ಕಂಪನಿಯದು ಬಾಷ್ ದಿಕ್ಕು: ಎಲ್78ಸಿ ತಂಪು, ಎಲ್82ಸಿ ಅದಕ್ಕಿಂತ ಬಿಸಿ, ಎಲ್86ಸಿ ಇನ್ನಷ್ಟು ಬಿಸಿ. ಇಷ್ಟನ್ನು ಒಂದು ರಟ್ಟಿನ ಮೇಲೆ ಬರೆದು ಗಲ್ಲಾಪೆಟ್ಟಿಗೆಯ ಹಿಂದೆ ನೇತುಹಾಕಿದರೆ ಹೊಸ ಹುಡುಗರೂ ಎಡವುವುದಿಲ್ಲ. ಒಂದು ಕಂಪನಿಯ ಅಂಕಿಗೆ ಇನ್ನೊಂದರ ಅಂಕಿಯನ್ನು ಹೊಂದಿಸುವಾಗ ತಯಾರಕರೇ ಪ್ರಕಟಿಸಿರುವ ಪಟ್ಟಿಯನ್ನು ಅನುಸರಿಸಬೇಕೇ ಹೊರತು ಊಹೆಯನ್ನಲ್ಲ.

ಬಿಸಿ ಎಂದರೇನು, ತಂಪು ಎಂದರೇನು

ಈ ಎರಡು ಪದಗಳನ್ನು ಬಹುಮಂದಿ ತಪ್ಪಾಗಿ ಗ್ರಹಿಸಿದ್ದಾರೆ. ಬಿಸಿ ಪ್ಲಗ್ ಹೆಚ್ಚು ಬಿಸಿಯಾದ ಕಿಡಿ ಕೊಡುವುದಿಲ್ಲ. ತಂಪು ಪ್ಲಗ್ ಎಂಜಿನ್ನನ್ನು ತಂಪಾಗಿಸುವುದೂ ಇಲ್ಲ. ಪ್ಲಗ್‌ನ ಒಳತುದಿಯಲ್ಲಿರುವ ಬಿಳಿಯ ಪಿಂಗಾಣಿ ಮೂಗು ಉದ್ದವಾಗಿದ್ದರೆ ಅದು ಹೀರಿದ ಶಾಖ ಲೋಹದ ಕವಚಕ್ಕೆ ನಿಧಾನವಾಗಿ ಸಾಗುತ್ತದೆ, ತುದಿ ಬಿಸಿಯಾಗಿಯೇ ಉಳಿಯುತ್ತದೆ. ಅದು ಬಿಸಿ ಪ್ಲಗ್. ಮೂಗು ಗಿಡ್ಡವಾಗಿದ್ದರೆ ಶಾಖ ಬೇಗ ಹರಿದುಹೋಗುತ್ತದೆ. ಅದು ತಂಪು ಪ್ಲಗ್. ತುದಿಯ ಉಷ್ಣಾಂಶ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದರ ಮೇಲೆ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಸುಮಾರು 850 ಡಿಗ್ರಿ ದಾಟಿದರೆ ಕಿಡಿ ಹಾರುವ ಮೊದಲೇ ತುದಿಯ ಕೆಂಡದಿಂದ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ಪಿಸ್ಟನ್‌ಗೆ ತೂತು ಬೀಳುವುದು ಹೀಗೆ. ಈ ಎರಡು ಗಡಿಗಳ ನಡುವೆ ತುದಿಯನ್ನು ಇರಿಸುವುದೇ ಆಯ್ಕೆಯ ಸಾರ.

ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಈ ಹಾದಿ ಕಿರಿದು. ಫೋರ್-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಒಮ್ಮೆ ದಹನವಾದರೆ ಇಲ್ಲಿ ಪ್ರತಿ ಸುತ್ತಿಗೂ ದಹನ. ನಿಮಿಷಕ್ಕೆ 6,000 ಸುತ್ತಿನಲ್ಲಿ ಸೆಕೆಂಡಿಗೆ 100 ಬಾರಿ. ತುದಿಗೆ ತಣಿಯಲು ಪುರುಸೊತ್ತಿಲ್ಲ. ಜೊತೆಗೆ ಪೆಟ್ರೋಲಿನೊಡನೆ ಆಯಿಲ್ ಕೂಡ ಉರಿಯುವುದರಿಂದ ನಿಧಾನ ಓಟದಲ್ಲಿ ಮಸಿ ಕಟ್ಟುವುದೂ ಹೆಚ್ಚು. ಒಂದೇ ವಾಹನಕ್ಕೆ ಎರಡೂ ಕಾಟ.

ಹಳೆ ಮದ್ರಾಸ್ ರಸ್ತೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೆಳಗಿನ ಹೊತ್ತು ಹಲಸೂರಿನಿಂದ ಇಂದಿರಾನಗರದ ಅಂಚು ಹಾಯ್ದು ಕೆ.ಆರ್. ಪುರದ ತೂಗುಸೇತುವೆಯವರೆಗೆ ಮೊದಲ, ಎರಡನೆಯ ಗೇರಿನಲ್ಲೇ ತೆವಳುವ ಬೈಕ್‌ನ ಪ್ಲಗ್ ತುದಿ ಮಸಿ ಸುಡುವಷ್ಟು ಬಿಸಿಯಾಗುವುದೇ ಇಲ್ಲ. ಅದೇ ಬೈಕ್ ಭಾನುವಾರ ಹೊಸಕೋಟೆ ದಾಟಿ ಕೋಲಾರದ ಹೆದ್ದಾರಿಯಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ಓಡಿದರೆ ತುದಿ ಮೇಲಿನ ಗಡಿಯ ಹತ್ತಿರ ಹೋಗುತ್ತದೆ. ಊರೊಳಗೇ ಓಡಾಡುವವನಿಗೆ ತಯಾರಕರು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಬಿಸಿಯಾದ ಪ್ಲಗ್ ಕೊಡುವ ರೂಢಿ ಇದೆ, ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಹಾಕಿಕೊಂಡೇ ದೂರದ ಪ್ರಯಾಣ ಹೋಗಬಾರದೆಂದು ಹೇಳಿ ಕಳಿಸುವುದು ಮಾರಾಟಗಾರನ ಕರ್ತವ್ಯ. ಎರಡು ಹೆಜ್ಜೆ ಸರಿಯುವುದು ಯಾವ ಕಾರಣಕ್ಕೂ ಸಲ್ಲದು. ಸಂದೇಹವಿದ್ದಲ್ಲಿ ತಂಪಿನ ಕಡೆಗೆ ವಾಲುವುದೇ ಲೇಸು: ಮಸಿ ಕಟ್ಟಿದ ಪ್ಲಗ್ ರಸ್ತೆಬದಿಯಲ್ಲಿ ನಿಲ್ಲಿಸುತ್ತದೆ ಅಷ್ಟೆ, ಮಿತಿಮೀರಿ ಕಾದ ಪ್ಲಗ್ ಎಂಜಿನ್ನನ್ನೇ ಬಿಚ್ಚಿಸುತ್ತದೆ.

ಅಂಕಿಗಿಂತ ಮೊದಲು ಉದ್ದ

ಉಷ್ಣ ಶ್ರೇಣಿಯ ಚರ್ಚೆಯ ಭರದಲ್ಲಿ ಥ್ರೆಡ್‌ನ ಉದ್ದವನ್ನು ಮರೆಯುವುದುಂಟು. ಈ ತಲೆಮಾರಿನ ಟು-ಸ್ಟ್ರೋಕ್ ಬೈಕ್‌ಗಳಲ್ಲಿ ಸಾಮಾನ್ಯವಾಗಿರುವುದು 14 ಮಿ.ಮೀ. ವ್ಯಾಸದ, 12.7 ಮಿ.ಮೀ. ಉದ್ದದ ಥ್ರೆಡ್. ಅದೇ ವ್ಯಾಸದಲ್ಲಿ 19 ಮಿ.ಮೀ. ಉದ್ದದ ಪ್ಲಗ್‌ಗಳೂ ಬರುತ್ತವೆ, ಹೊರಗಿನಿಂದ ಎರಡಕ್ಕೂ ಒಂದೇ ಸ್ಪ್ಯಾನರ್ ಹಿಡಿಯುತ್ತದೆ. ಉದ್ದದ ಪ್ಲಗ್ ಗಿಡ್ಡ ತೂತಿಗೆ ಸಲೀಸಾಗಿ ಇಳಿಯುತ್ತದೆ. ಇಳಿದ ಮೇಲೆ 6 ಮಿ.ಮೀ.ಗೂ ಹೆಚ್ಚು ಒಳಗೆ ಚಾಚಿ ಪಿಸ್ಟನ್ ತಲೆಗೆ ಬಡಿಯುವ ಅಪಾಯವಿದೆ. ಬಡಿಯದಿದ್ದರೂ ಒಳಗೆ ಬೆತ್ತಲಾದ ಥ್ರೆಡ್ ಕೆಂಪಗೆ ಕಾಯುತ್ತದೆ. ಮಸಿ ತುಂಬಿದ ಆ ಥ್ರೆಡ್ ಬಿಚ್ಚುವಾಗ ಅಲ್ಯುಮಿನಿಯಂ ಹೆಡ್‌ನ ಮರೆಯನ್ನೇ ಕಿತ್ತುಕೊಂಡು ಬರುತ್ತದೆ.

ಉದ್ದವನ್ನು ಡಬ್ಬಿಯ ಮೇಲಿನ ಅಕ್ಷರವೇ ಹೇಳುತ್ತದೆ. ಎನ್‌ಜಿಕೆಯಲ್ಲಿ 'ಎಚ್' ಎಂದರೆ 12.7, 'ಇ' ಎಂದರೆ 19. ಬಾಷ್‌ನಲ್ಲಿ ಅಂಕಿಯ ನಂತರ 'ಎ' ಅಥವಾ 'ಬಿ' ಬಂದರೆ 12.7, 'ಸಿ' ಅಥವಾ 'ಡಿ' ಬಂದರೆ 19. ಇವುಗಳಲ್ಲಿ 'ಬಿ' ಮತ್ತು 'ಡಿ' ಮೂಗು ಮುಂದೆ ಚಾಚಿದ ಬಗೆ. ಹಳೆಯ ಮೈಕೊ ದಾಸ್ತಾನಿನಲ್ಲಿ 'ಟಿ1' ಗಿಡ್ಡ, 'ಟಿ2' ಉದ್ದ. ಚಾಂಪಿಯನ್‌ನಲ್ಲಿ 'ಎಲ್' ಗಿಡ್ಡ, 'ಎನ್' ಉದ್ದ. ಡೆನ್ಸೊದಲ್ಲಿ 'ಎಫ್' ಗಿಡ್ಡ, 'ಇ' ಉದ್ದ. ಎನ್‌ಜಿಕೆಯ 'ಪಿ' ಕೂಡ ಚಾಚಿದ ಮೂಗಿನ ಗುರುತು. ತಯಾರಕರು ಸೂಚಿಸದ ಹೊರತು ಇದನ್ನು ಟು-ಸ್ಟ್ರೋಕ್ ಎಂಜಿನ್ನಿಗೆ ಕೊಡದಿರುವುದು ಕ್ಷೇಮ.

ಯಮಹಾ ವಂಶದ ಬೈಕ್‌ಗಳ ಒಡೆಯರು ಬಿ7ಎಚ್‌ಎಸ್, ಬಿ8ಎಚ್‌ಎಸ್ ಗುಂಪಿನ ಪ್ಲಗ್ ಕೇಳಿಕೊಂಡು ಬರುವುದು ಸಾಮಾನ್ಯ. ಅಂತಿಮ ಮಾತು ವಾಹನದ ಕೈಪಿಡಿಯದೇ. ರಾಜ್‌ದೂತ್ 350 ಎರಡು ಸಿಲಿಂಡರಿನ ವಾಹನ. ಎರಡೂ ಪ್ಲಗ್‌ಗಳನ್ನು ಒಂದೇ ಸಲ, ಒಂದೇ ಕಂಪನಿಯದಾಗಿ ಬದಲಿಸಬೇಕು. ಜಾವಾ ಒಡೆಯರಲ್ಲಿ ಕೆಲವರು ಜೆಕ್ ದೇಶದ 'ಪಾಲ್' ಪ್ಲಗ್‌ಗಳನ್ನೇ ಅರಸುತ್ತಾರೆ. ಸಂಗ್ರಹಕಾರರ ಈ ಹಂಬಲ ವರ್ತಕರಿಗೆ ಲಾಭವೇ. ಓಡಿಸುವುದಕ್ಕಾದರೆ ಸರಿಯಾದ ಶ್ರೇಣಿಯ ಹೊಸ ಪ್ಲಗ್ ಯಾವ ರೀತಿಯಲ್ಲೂ ಕಡಿಮೆಯಲ್ಲ.

'ಆರ್' ಅಕ್ಷರದ ವಿಷಯದಲ್ಲೂ ಎಚ್ಚರ ಬೇಕು. ಬಿಆರ್8ಎಚ್‌ಎಸ್, ಡಬ್ಲ್ಯುಆರ್7 ಎಂಬಲ್ಲಿ ಬರುವ ಈ ಅಕ್ಷರ, ಪ್ಲಗ್‌ನೊಳಗೆ ಸುಮಾರು 5 ಕಿಲೋ ಓಮ್‌ನ ರೆಸಿಸ್ಟರ್ ಇದೆ ಎಂಬುದರ ಸೂಚನೆ. ರೇಡಿಯೊ ಮುಂತಾದವುಗಳಿಗೆ ತೊಂದರೆಯಾಗದಿರಲೆಂದು ಮಾಡಿದ ಏರ್ಪಾಡು ಇದು. ಪ್ಲಗ್ ಕ್ಯಾಪ್‌ನಲ್ಲೂ ಇಂತಹದೇ ರೆಸಿಸ್ಟರ್ ಇರುವುದುಂಟು. 6 ವೋಲ್ಟ್ ಬ್ಯಾಟರಿ, ಪಾಯಿಂಟ್, ಹಳೆಯ ಕಾಯಿಲ್ ಇರುವ ಜಾವಾಕ್ಕೆ ರೆಸಿಸ್ಟರ್ ಕ್ಯಾಪ್ ಮತ್ತು ರೆಸಿಸ್ಟರ್ ಪ್ಲಗ್ ಎರಡನ್ನೂ ಕೊಟ್ಟರೆ ಮೊದಲೇ ಬಡಕಲಾದ ಕಿಡಿ ಇನ್ನಷ್ಟು ಸೊರಗುತ್ತದೆ. ಕಿಕ್ ಹೊಡೆದು ಸುಸ್ತಾದ ಒಡೆಯ ಕಾರ್ಬ್ಯುರೇಟರನ್ನು ದೂರುತ್ತಾನೆ. ಇಂತಹ ವಾಹನಕ್ಕೆ 'ಆರ್' ಇಲ್ಲದ ಪ್ಲಗ್ ಸೂಕ್ತ.

ಬಣ್ಣ ನೋಡುವವರ ಹೊಸ ಸಮಸ್ಯೆ

ಪ್ಲಗ್ ಬಿಚ್ಚಿ, ಬಣ್ಣ ನೋಡಿ, ಎಂಜಿನ್ನಿನ ಆರೋಗ್ಯ ಹೇಳುವುದು ಹಳೆಯ ಮೆಕ್ಯಾನಿಕ್‌ಗಳ ಹೆಮ್ಮೆಯ ವಿದ್ಯೆ. ಬಿಸ್ಕತ್ತಿನ ಕಂದು ಬಣ್ಣವಿದ್ದರೆ ಸರಿ, ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು, ಜಿಡ್ಡು ಜಿಡ್ಡಾಗಿದ್ದರೆ ಆಯಿಲ್ ಹೆಚ್ಚು, ಬೆಳ್ಳಗೆ ಬೂದಿಯಂತಿದ್ದರೆ ಪೆಟ್ರೋಲು ಕಡಿಮೆ ಇಲ್ಲವೇ ಗಾಳಿ ಸೋರಿಕೆ. ಆದರೆ ಈ ಪಾಠವನ್ನು ಕಲಿತದ್ದು ಸೀಸಬೆರೆತ ಪೆಟ್ರೋಲಿನ ಕಾಲದಲ್ಲಿ. 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದಾಗಲೇ ಬಣ್ಣಗಳು ಸ್ವಲ್ಪ ಬದಲಾದವು. ಈಗ ಎಥೆನಾಲ್ ಇನ್ನೊಂದು ತಿರುವು ಕೊಟ್ಟಿದೆ.

ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ದೊರೆತದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. 2025ರ ಹೊತ್ತಿಗೆ ಅದು ದೇಶದ ಸಾಮಾನ್ಯ ಪೆಟ್ರೋಲೇ ಆಯಿತು. ಎಥೆನಾಲ್‌ನಲ್ಲಿ ಆಮ್ಲಜನಕ ಮೊದಲೇ ಸೇರಿರುವುದರಿಂದ ಅದು ಉರಿಯಲು ಕಡಿಮೆ ಗಾಳಿ ಸಾಕು: ಶುದ್ಧ ಪೆಟ್ರೋಲು 1 ಕಿ.ಗ್ರಾಂ.ಗೆ 14.7 ಕಿ.ಗ್ರಾಂ. ಗಾಳಿ ಬೇಕಾದರೆ ಶುದ್ಧ ಎಥೆನಾಲ್‌ಗೆ ಸುಮಾರು 9. ಕಂಪ್ಯೂಟರ್ ಇರುವ ಹೊಸ ವಾಹನ ತಾನೇ ಹೊಂದಿಕೊಳ್ಳುತ್ತದೆ. ಹಳೆಯ ಕಾರ್ಬ್ಯುರೇಟರ್‌ಗೆ ಆ ಬುದ್ಧಿಯಿಲ್ಲ. ಅದರ ಜೆಟ್ ಮೊದಲಿನಷ್ಟೇ ಇಂಧನ ಬಿಡುತ್ತದೆ. ಪರಿಣಾಮವಾಗಿ ಮಿಶ್ರಣ ಸರಿಸುಮಾರು ಶೇ. 6ರಿಂದ 8ರಷ್ಟು ತೆಳುವಾಗುತ್ತದೆ. ತೆಳು ಮಿಶ್ರಣದಲ್ಲಿ ಪ್ಲಗ್ ತುದಿ ಹೆಚ್ಚು ಕಾಯುತ್ತದೆ.

ಇಲ್ಲಿ ಬೆಂಗಳೂರಿಗೆ ಪ್ರಕೃತಿಯ ಸಣ್ಣದೊಂದು ರಿಯಾಯಿತಿ ಇದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಗರದ ಗಾಳಿ ಶೇ. 10ರಷ್ಟು ವಿರಳ. ಹೀಗಾಗಿ ಕರಾವಳಿಯ ಮಟ್ಟಕ್ಕೆ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಶೇ. 5ರಷ್ಟು ಗಟ್ಟಿ ಮಿಶ್ರಣ ಕೊಡುತ್ತದೆ. ಎಥೆನಾಲ್ ತೆಳುವಾಗಿಸಿದ್ದನ್ನು ಎತ್ತರ ಬಹುಮಟ್ಟಿಗೆ ಸರಿದೂಗಿಸುತ್ತದೆ. ಆದರೆ ಅದೇ ಹಳೆ ಮದ್ರಾಸ್ ರಸ್ತೆ ಹಿಡಿದು ಚೆನ್ನೈಗೆ ಇಳಿದರೆ ಈ ರಿಯಾಯಿತಿ ಕರಗಿಹೋಗುತ್ತದೆ, ಬಿಸಿಲೂ ಸೇರಿಕೊಳ್ಳುತ್ತದೆ. ಊರಲ್ಲಿ ವರ್ಷಗಟ್ಟಲೆ ಚೆನ್ನಾಗಿ ಓಡಿದ ಬೈಕ್ ಘಟ್ಟ ಇಳಿದ ಮೇಲೆ ಪಿಸ್ಟನ್ ಹಿಡಿದುಕೊಂಡಿತೆಂಬ ದೂರು ಬಂದಾಗ ಪ್ಲಗ್‌ನ ಮೇಲೆ ತಪ್ಪು ಹೊರಿಸುವ ಮುನ್ನ ಇದನ್ನು ನೆನೆಯಬೇಕು. ಪರಿಹಾರ ಇರುವುದು ಮೇನ್ ಜೆಟ್‌ನಲ್ಲಿ. ಒಂದು ಅಳತೆ ದೊಡ್ಡದು ಹಾಕಿ ನೋಡಬೇಕು. ಮಿಶ್ರಣದ ದೋಷವನ್ನು ತಂಪು ಪ್ಲಗ್‌ನಿಂದ ಮುಚ್ಚಲು ಹೊರಡುವುದು ಜ್ವರ ಬಂದವನ ಥರ್ಮಾಮೀಟರ್ ಬದಲಿಸಿದಂತೆ. ಎಥೆನಾಲ್ ಹೆಚ್ಚು ಶುಭ್ರವಾಗಿ ಉರಿಯುವುದರಿಂದ ಸರಿಯಾದ ಮಿಶ್ರಣದಲ್ಲೂ ತುದಿ ಹಿಂದಿಗಿಂತ ಬಿಳಿಚಾಗಿ ಕಾಣುತ್ತದೆ ಎಂಬುದೂ ಗಮನದಲ್ಲಿರಬೇಕು.

ಹೊಗೆ ತಪಾಸಣೆಯಲ್ಲೂ ಪ್ಲಗ್‌ನ ಪಾತ್ರ ದೊಡ್ಡದು. 2000ದ ಮಾರ್ಚ್ 31ರೊಳಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ನಿಗದಿಯಾಗಿರುವ ಮಿತಿ ಇಂಗಾಲದ ಮೊನಾಕ್ಸೈಡ್ ಶೇ. 4.5, ಹೈಡ್ರೋಕಾರ್ಬನ್ 9,000 ಪಿಪಿಎಂ. ನಂತರದ ಟು-ಸ್ಟ್ರೋಕ್ ವಾಹನಗಳಿಗೆ ಶೇ. 3.5 ಮತ್ತು 6,000 ಪಿಪಿಎಂ. ಪ್ಲಗ್ ಆಗಾಗ ಮಿಸ್ ಹೊಡೆದರೆ ಉರಿಯದ ಪೆಟ್ರೋಲು ನೇರವಾಗಿ ಸೈಲೆನ್ಸರ್ ಮೂಲಕ ಹೊರಬಂದು ಹೈಡ್ರೋಕಾರ್ಬನ್ ಅಂಕಿ ಏರುತ್ತದೆ. 15 ವರ್ಷ ಕಳೆದ ವಾಹನದ ನೋಂದಣಿಯನ್ನು ಐದು ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕಾದ ಇಂದಿರಾನಗರದ ಕೆಎ 03, ಕೆ.ಆರ್. ಪುರದ ಕೆಎ 53 ವಾಹನಗಳ ಒಡೆಯರು ತಪಾಸಣೆಗೆ ಹೋಗುವ ಮುನ್ನ ಹೊಸ ಪ್ಲಗ್ ಹಾಕಿಸಿ, ಗ್ಯಾಪ್ ನೋಡಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಯಂತ್ರಕ್ಕೆ ಒಡ್ಡಿದರೆ ಅರ್ಧ ಕೆಲಸ ಆದಂತೆ.

ಗ್ಯಾಪ್ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ಡಬ್ಬಿಯಿಂದ ತೆಗೆದದ್ದನ್ನು ಹಾಗೆಯೇ ಹಾಕದೆ ಫೀಲರ್ ಗೇಜ್‌ನಿಂದ ಅಳೆಯಬೇಕು. ಮಸಿ ಕಟ್ಟಿದ ಪ್ಲಗ್‌ನ ಪಿಂಗಾಣಿಯನ್ನು ತಂತಿಯ ಬ್ರಷ್‌ನಿಂದ ಉಜ್ಜಿದರೆ ಲೋಹದ ಗೀರುಗಳು ಉಳಿದು ಕರೆಂಟು ಅಡ್ಡದಾರಿ ಹಿಡಿಯುತ್ತದೆ. ಬಿಗಿಸುವಾಗ ಮೊದಲು ಕೈಯಿಂದಲೇ ಪೂರ್ತಿ ತಿರುಗಿಸಿ, ಹೊಸ ವಾಷರ್ ಇದ್ದರೆ ಸ್ಪ್ಯಾನರ್‌ನಿಂದ ಅರ್ಧ ಸುತ್ತು ಸಾಕು. ಈ ಮಿತಿಯನ್ನು ಮೀರಿದ ಭೀಮಬಲದಿಂದಲೇ ಲೇತ್ ಅಂಗಡಿಗಳಿಗೆ ಥ್ರೆಡ್ ಕೆಟ್ಟ ಹೆಡ್‌ಗಳು ಬರುತ್ತಿರುವುದು.

ಸಣ್ಣ ಉದ್ದಿಮೆದಾರರು ಈ ಕಡೆ ಗಮನ ಹರಿಸಬಹುದು. ಪ್ಲಗ್ ತಯಾರಿಕೆ ಸಣ್ಣ ಘಟಕದ ಕೈಗೆಟುಕುವ ಕೆಲಸವಲ್ಲ. ಅಲ್ಯುಮಿನಾ ಪುಡಿಯನ್ನು ಅಚ್ಚೊತ್ತಿ ಸುಮಾರು 1,600 ಡಿಗ್ರಿಯಲ್ಲಿ ಸುಡುವ ಕುಲುಮೆಯ ಬಂಡವಾಳವೇ ಬೇರೆ. ಆದರೆ ಕೆಟ್ಟ ಥ್ರೆಡ್‌ಗೆ ಹಾಕುವ ಬುಷ್, ಒಳ್ಳೆಯ ರಬ್ಬರಿನ ಪ್ಲಗ್ ಕ್ಯಾಪ್, ತಾಮ್ರದ ತಂತಿಯ ಎಚ್‌ಟಿ ಕೇಬಲ್, ಸರಿಯಾದ ಅಳತೆಯ ಪ್ಲಗ್ ಸ್ಪ್ಯಾನರ್ ಇವೆಲ್ಲ ಹಳೆಯ ಬೈಕ್‌ಗಳಿಗೆ ಬೇಕು, ದೊಡ್ಡ ಕಂಪನಿಗಳಿಗೆ ಬೇಡವಾದ ಬಾಬತ್ತುಗಳು.

ಕೊನೆಯದಾಗಿ ನಕಲಿ ಮಾಲು. ಹೆಸರಾಂತ ಕಂಪನಿಗಳ ಡಬ್ಬಿಯಲ್ಲಿ ನಕಲಿ ಪ್ಲಗ್ ತುಂಬಿ ಬಿಲ್ಲಿಲ್ಲದೆ ಸರಬರಾಜು ಮಾಡುವವರು ಎಲ್ಲ ಕಾಲಕ್ಕೂ ಇದ್ದಾರೆ. ಮುದ್ರಿತ ಅಕ್ಷರ ಉಗುರಿಗೆ ಕಿತ್ತುಬರುವುದು, ಥ್ರೆಡ್ ಒರಟಾಗಿರುವುದು, ನಡುವಿನ ಎಲೆಕ್ಟ್ರೋಡ್ ಪಿಂಗಾಣಿಯ ಮಧ್ಯಕ್ಕಿಲ್ಲದಿರುವುದು, ವಾಷರ್ ತಾನಾಗಿ ಕಳಚಿ ಬೀಳುವುದು ಇವು ಸಂಶಯಕ್ಕೆ ಎಡೆಕೊಡುವ ಲಕ್ಷಣಗಳು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 104ನೇ ಕಲಮಿನ ಪ್ರಕಾರ ಸುಳ್ಳು ಗುರುತಿನ ಸರಕನ್ನು ಮಾರುವುದೂ ಅಪರಾಧವೇ. ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ತಾನು ಸಾಕಷ್ಟು ಎಚ್ಚರ ವಹಿಸಿದ್ದೆ, ಸಂಶಯಪಡಲು ಕಾರಣವಿರಲಿಲ್ಲ ಎಂದು ತೋರಿಸಿ, ಮಾಲು ಕೊಟ್ಟವರ ಪೂರ್ಣ ವಿವರ ಒದಗಿಸಿದ ವರ್ತಕನಿಗೆ ಕಾನೂನು ರಕ್ಷಣೆ ನೀಡುತ್ತದೆ. ಆ ರಕ್ಷಣೆಗೆ ಆಧಾರ ಖರೀದಿಯ ಬಿಲ್ಲು. ಸ್ಪಾರ್ಕ್ ಪ್ಲಗ್‌ನ ಎಚ್‌ಎಸ್‌ಎನ್ ಸಂಕೇತ 8511 10 00. 2025ರ ಸೆಪ್ಟೆಂಬರ್ 22ರಿಂದ ಇದರ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಬಿಲ್ಲಿನ ಮಾಲಿಗೂ ಬಿಲ್ಲಿಲ್ಲದ ಮಾಲಿಗೂ ಇದ್ದ ಬೆಲೆಯ ಅಂತರ ಅಷ್ಟರಮಟ್ಟಿಗೆ ಕುಗ್ಗಿರುವುದರಿಂದ, ಹಳೆಯ ದಾಸ್ತಾನನ್ನು ಕಂಪನಿವಾರು ಬೇರ್ಪಡಿಸಿ, ಮೂಲ ತಿಳಿಯದ ಡಬ್ಬಿಗಳನ್ನು ಕಪಾಟಿನಿಂದ ಹೊರಗಿಡಲು ಇದು ಸಕಾಲ.